ಮಜ್ಜಿಗೆ ಕೇಳುವ ಮೊದಲು

ಮೊನ್ನೆ ಮುಂಡರಗಿಯಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣದೊಂದು ಮೆಸ್ ತೆಗೆಯುವ ತಯಾರಿಯಲ್ಲಿದ್ದಾಳೆ. ಪಾತ್ರೆ ಎಲ್ಲಿ ತರಬೇಕು, ಜೋಳ ಯಾರ ಹತ್ತಿರ ಹಿಡಿಯಬೇಕು ಎಂದೆಲ್ಲ ಕೇಳಿ ಮುಗಿಸಿದ ಮೇಲೆ ಸ್ವಲ್ಪ ನಾಚಿಕೊಂಡು ಇನ್ನೊಂದು ಮಾತು ತೆಗೆದಳು. ಫೋನಿನಲ್ಲಿ ಹೋಟೆಲ್ ನಡೆಸುವ ಆಟ ಒಂದಿದೆಯಂತೆ, ನಾನು ಹಿಂದೆ ಅದನ್ನು ಕೊಂಡಿದ್ದೆನಂತೆ, ಗಿರಾಕಿಗಳನ್ನು ಸಂಭಾಳಿಸುವುದನ್ನು ಕಲಿಯಲು ಅನುಕೂಲವಾಗುತ್ತದೇನೋ ಎಂದು ಅವಳ ಆಸೆ.

"ಅಕ್ಕಾ, ಅದನ್ನ ತಗೊಂಡ್ರ ಕೊಟ್ಟ ರೊಕ್ಕ ವಸೂಲ್ ಆಗ್ತೈತೇನು?"

ತಗೋಬೇಡ ಅಂದೆ. ಯಾಕೆ ಅಂದಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಬೇಳೆ ಇಳಿಸಿದ ಮೇಲೂ ಮತ್ತೆ ಫೋನ್ ಮಾಡುವ ಮನಸ್ಸಾಗಲಿಲ್ಲ. ಅವಳಿಗೆ ಹೇಳಬೇಕಾದ್ದನ್ನು ಬಾಯಲ್ಲಿ ಹೇಳಲು ನನಗೆ ಇವತ್ತಿಗೂ ಹೇಸಿಗೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮುನ್ನೂರಾ ತೊಂಬತ್ತೊಂಬತ್ತು ರೂಪಾಯಿ. ನಾಲ್ಕು ನೂರು ಎಂದು ನೆಟ್ಟಗೆ ಹೇಳಲು ಅವರಿಗೇನು ಬಾಯಿ ಬಿದ್ದುಹೋಗಿತ್ತೋ ಗೊತ್ತಿಲ್ಲ. ಮೊದಲ ಹತ್ತು ಹಂತ ಬಿಟ್ಟಿ. ಹನ್ನೊಂದನೆಯದರ ಬಾಗಿಲಿಗೆ ಬೀಗ ಹಾಕಿ, ಬೀಗದ ಪಕ್ಕದಲ್ಲಿ ಒಬ್ಬಳು ಹುಡುಗಿಯನ್ನು ನಗುತ್ತಾ ನಿಲ್ಲಿಸಿರುತ್ತಾರೆ. ನಾನು ಕೊಟ್ಟೆ. ಕೊಟ್ಟದ್ದಕ್ಕೆ ನನಗೆ ಕಾರಣವಿತ್ತು.

ನಮ್ಮ ಖಾನಾವಳಿ ಶುರುವಾದದ್ದು ಗದಗ ಹೊಸದಾಗಿ ಜಿಲ್ಲೆಯಾದಾಗ. ಧಾರವಾಡದಿಂದ ಕಚೇರಿಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು. ಅವುಗಳ ಬೆನ್ನಿಗೆ ಗುಮಾಸ್ತರು ಬಂದರು, ಅವರ ಹೆಂಡಿರು ಮಕ್ಕಳು ಬರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆಂದು ಓಣಿ ಓಣಿ ತಿರುಗುತ್ತಿದ್ದ ಆ ಗಂಡಸರನ್ನು ನೋಡಿ ನನ್ನ ಅತ್ತೆ ಮನೆಯ ಪಡಸಾಲೆಯಲ್ಲಿ ನಾಲ್ಕು ಮೇಜು ಹಾಕಿದರು. ಅವರು ಲಕ್ಷ್ಮೇಶ್ವರದ ಹೆಣ್ಣುಮಗಳು, ಮಾವನವರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಬೋರ್ಡು ಬರೆಸಲಿಲ್ಲ. ಈಗಲೂ ಬೋರ್ಡಿಲ್ಲ, ಆದರೂ ಹೊಸದಾಗಿ ವರ್ಗವಾಗಿ ಬಂದವರು ಮೊದಲ ವಾರದಲ್ಲೇ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ.

ಅತ್ತೆಯ ಪಡಸಾಲೆಯಲ್ಲಿ ಬಾಯಿಮಾತಿನ ಕೆಲವು ಕಾಯಿದೆಗಳಿದ್ದವು. ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಹಿಡಿಯುವ ತನಕ ರೊಟ್ಟಿ ಬರುತ್ತಲೇ ಇರಬೇಕು. ಇನ್ನೊಂದು, ಮಜ್ಜಿಗೆಯನ್ನು ಅವರು ಕೇಳಿದ ಮೇಲೆಯೇ ಕೊಡಬೇಕು. ಮಜ್ಜಿಗೆ ಕುಡಿದರೆ ಊಟ ಮುಗಿದ ಹಾಗೆ. ಕೇಳುವ ಮೊದಲೇ ವಾಟಗಾ ತುಂಬಿಸಿ ತಂದಿಟ್ಟರೆ, ಇನ್ನು ಏಳಪ್ಪಾ ಎಂದ ಹಾಗೆ. ಉಣ್ಣುವವರನ್ನು ಎಬ್ಬಿಸಿ ಗಳಿಸಿದ ದುಡ್ಡು ತನಗೆ ಬೇಡ ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಬಾಗಿಲಲ್ಲಿ ಎಷ್ಟು ಮಂದಿ ನಿಂತಿದ್ದರೂ ಅವರು ಒಳಗೆ ಕೂತವರ ತಾಟಿನ ಕಡೆಗೇ ನೋಡುತ್ತಿದ್ದರು. ನಿಂತವರು ನಿಲ್ಲುತ್ತಿದ್ದರು. ನಿಂತದ್ದಕ್ಕೆ ಯಾರೂ ಸತ್ತದ್ದಿಲ್ಲ.

ನಾನು ಡಂಬಳದಿಂದ ಸೊಸೆಯಾಗಿ ಬಂದಾಗ ಖಾನಾವಳಿಗೆ ಹತ್ತು ವರ್ಷ ತುಂಬಿತ್ತು. ನನಗೆ ಸಿಕ್ಕ ಕೆಲಸ ರೊಟ್ಟಿ ಬಡಿಯುವುದು. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಒಂದು ಮೊಳ ಅಗಲದ ಕಿಂಡಿ. ಬೆಂದ ರೊಟ್ಟಿಯನ್ನು ನಾನು ಕಿಂಡಿಯಲ್ಲಿಡುತ್ತಿದ್ದೆ, ಆ ಕಡೆಯಿಂದ ಅತ್ತೆಯ ಕೈ ಬಂದು ಒಯ್ಯುತ್ತಿತ್ತು. ಎಂಟು ವರ್ಷ ನಾನು ಉಣ್ಣುವವರ ಮುಖ ನೋಡಿದವಳಲ್ಲ. ದನಿಗಳು ಮಾತ್ರ ಗೊತ್ತು. ಒಬ್ಬರು ಮೂಗಿನಲ್ಲಿ ಮಾತಾಡುವವರು, ಅವರಿಗೆ ಶೇಂಗಾ ಹಿಂಡಿ ಹೆಚ್ಚು ಬೇಕು. ಇನ್ನೊಬ್ಬರು ಪ್ರತಿ ತುತ್ತಿಗೂ ಕೆಮ್ಮುವವರು, ಅವರಿಗೆ ಖಾರ ಬೇಡ. ಎಣಗಾಯಿ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಆ ಹೊಗಳಿಕೆ ಅತ್ತೆಯ ಹತ್ತಿರವೇ ನಿಂತುಬಿಡುತ್ತಿತ್ತು, ಕಿಂಡಿ ದಾಟಿ ನನ್ನ ತನಕ ಬರುತ್ತಿರಲಿಲ್ಲ. ನನಗೆ ಆ ಕಡೆ ನಿಲ್ಲಬೇಕಾಗಿತ್ತು. ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಹಾಕ್ಲೇನ್ರಿ ಅನ್ನಬೇಕಾಗಿತ್ತು. ಒಡವೆಗೂ ನಾನು ಅಷ್ಟು ಆಸೆಪಟ್ಟವಳಲ್ಲ.

ಆಮೇಲೆ ಅತ್ತೆಗೆ ಮೊಣಕಾಲು ಹಿಡಿಯಿತು. ನಿಂತು ಓಡಾಡಬಾರದು ಎಂದು ಡಾಕ್ಟರು ಹೇಳಿದರು. ಸಂಕ್ರಾಂತಿ ಮುಗಿದ ವಾರ ಅತ್ತೆ ಅಡುಗೆ ಕಟ್ಟೆಯ ಮುಂದೆ ಎತ್ತರದ ಸ್ಟೂಲು ಹಾಕಿಸಿಕೊಂಡು ನನ್ನ ಜಾಗದಲ್ಲಿ ಕೂತರು. ಸೌಟನ್ನು ನನ್ನ ಕೈಗೆ ಕೊಟ್ಟರು, ಆದರೆ ಪೂರಾ ಕೊಡಲಿಲ್ಲ.

"ಯುಗಾದಿ ತನಕ ನೀ ಬಡಸು. ಕೈ ಕುದುರಿದ್ರ ಖಾನಾವಳಿ ನಿಂದು. ಕುದುರಲಿಲ್ಲಂದ್ರ ಬಾಗಲಾ ಹಾಕಿ ಝರಾಕ್ಸ್ ಅಂಗಡಿಯವರಿಗೆ ಬಾಡಿಗಿ ಕೊಟ್ಟುಬಿಡೂನು."

ಝರಾಕ್ಸ್ ಅಂಗಡಿಯವನು ಆಗಲೇ ಎರಡು ಸಲ ಬಂದು ಪಡಸಾಲೆಯನ್ನು ಅಳೆದುಕೊಂಡು ಹೋಗಿದ್ದ. ಬಾಡಿಗೆ ಬಂದರೆ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ನನಗೆ ಇನ್ನು ಆ ಕಡೆ ಎಂಬುದೇ ಇರುತ್ತಿರಲಿಲ್ಲ.

ಮೊದಲ ಹದಿನೈದು ದಿನ ನನ್ನ ಫಜೀತಿ ಯಾರಿಗೂ ಬೇಡ. ಸಾರು ಕೇಳಿದವರಿಗೆ ಪಲ್ಯ ಹಾಕಿದೆ. ಕೆಮ್ಮುವವರಿಗೆ ಕೆಂಪು ಖಾರ ಬಡಿಸಿದೆ, ಅವರು ಕಣ್ಣಲ್ಲಿ ನೀರು ತಂದುಕೊಂಡು ಅದನ್ನೂ ಉಂಡರು. ಬಾಗಿಲಲ್ಲಿ ನಾಲ್ಕು ಜನ ನಿಂತರೆ ನನ್ನ ಕೈ ಕಾಲು ಆಡುತ್ತಿರಲಿಲ್ಲ. ಅತ್ತೆಗಿದ್ದ ಧೈರ್ಯ ನನಗಿರಲಿಲ್ಲ. ನಿಂತವರ ಕಣ್ಣು ನನ್ನ ಬೆನ್ನಿಗೆ ಚುಚ್ಚಿದ ಹಾಗಾಗಿ, ಕೂತವರ ತಾಟಿನಲ್ಲಿ ಏನಿದೆ ಏನಿಲ್ಲ ಎಂಬುದೇ ತೋಚುತ್ತಿರಲಿಲ್ಲ. ನನ್ನ ಯಜಮಾನರದು ಮೋಟಾರ್ ರಿವೈಂಡಿಂಗ್ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಒದ್ದಾಟ ನೋಡಿ ಅವರಿಗೆ ಕನಿಕರವಾಗಿರಬೇಕು. ಒಂದು ದಿನ ನನ್ನ ಫೋನ್ ಇಸಿದುಕೊಂಡು ಈ ಆಟ ಹಾಕಿಕೊಟ್ಟರು. ಇದರಲ್ಲಿ ಮ್ಯಾನೇಜ್ಮೆಂಟ್ ಕಲಿಸುತ್ತಾರೆ, ಹದಿನೈದು ದಿನ ಆಡು, ಕೈ ತಾನೇ ಓಡುತ್ತದೆ ಅಂದರು. ನಾನು ನಂಬಿದೆ. ಎಂಟು ವರ್ಷ ರೊಟ್ಟಿ ಬಡಿದವಳಿಗೆ ಇಷ್ಟು ಬುದ್ಧಿ ಇರಬೇಕಿತ್ತು, ಇರಲಿಲ್ಲ.

ಆಟ ಹೀಗಿದೆ. ಜುಟ್ಟು ಕಟ್ಟಿದ ಒಬ್ಬಳು ಹುಡುಗಿ, ಸೊಂಟಕ್ಕೆ ಒಂದು ಬಿಳಿ ಅರಿವೆ. ಗಿರಾಕಿಗಳು ಜೋಡಿ ಜೋಡಿಯಾಗಿ ಬರುತ್ತಾರೆ. ಪ್ರತಿಯೊಬ್ಬರ ತಲೆಯ ಮೇಲೂ ಐದು ಕೆಂಪು ಹೃದಯ. ತಡವಾದ ಹಾಗೆಲ್ಲ ಒಂದೊಂದು ಹೃದಯ ಆರಿಹೋಗುತ್ತದೆ, ಐದೂ ಆರಿದರೆ ಮುಖ ಕೆಂಪಾಗಿ ಎದ್ದು ಹೋಗುತ್ತಾರೆ. ಅವರನ್ನು ಬೆರಳಲ್ಲಿ ಮುಟ್ಟಿ ಕೂರಿಸಬೇಕು, ಮುಟ್ಟಿ ತಾಟು ಕೊಡಬೇಕು, ಮುಟ್ಟಿ ದುಡ್ಡು ತೆಗೆದುಕೊಳ್ಳಬೇಕು, ಮುಟ್ಟಿ ಮೇಜು ಬಳಿಯಬೇಕು. ಒಂದೇ ಕೆಲಸವನ್ನು ಸಾಲಾಗಿ ಮೂರು ಸಲ ಮಾಡಿದರೆ 'ಟಿಂಗ್' ಎಂದು ಸದ್ದಾಗಿ ಚಿನ್ನದ ನಾಣ್ಯಗಳು ಉದುರುತ್ತವೆ. ತಪ್ಪು ತಾಟು ಬಂದರೆ ಅದನ್ನು ಮೂಲೆಯ ಕಸದ ಡಬ್ಬಿಗೆ ಹಾಕಬೇಕು, ಹಾಕದಿದ್ದರೆ ಆಟ ಮುಂದೆ ಹೋಗುವುದಿಲ್ಲ. ಮೊದಲ ದಿನ ಆ ಡಬ್ಬಿಗೆ ಅನ್ನದ ತಾಟು ಹಾಕುವಾಗ ನನ್ನ ಬೆರಳು ಹಿಂದೆ ಸರಿದಿತ್ತು. ಮೂರನೆಯ ದಿನ ಸರಿಯಲಿಲ್ಲ.

ದುಡ್ಡು ಕೊಟ್ಟ ಮೇಲೂ ಅವರ ಭಿಕ್ಷೆ ನಿಲ್ಲುವುದಿಲ್ಲ. ಹುಡುಗಿ ಜೋರಾಗಿ ಓಡಬೇಕಾದರೆ ಹೊಸ ಬೂಟು ಬೇಕು, ಬೂಟಿಗೆ ನಾಣ್ಯ ಬೇಕು, ನಾಣ್ಯ ಸಾಲದಿದ್ದರೆ ಮತ್ತೆ ನಿಜವಾದ ರೂಪಾಯಿ ಕೊಡು ಅನ್ನುತ್ತದೆ. ಇಪ್ಪತ್ತನೆಯ ಹಂತ ದಾಟಿದ ಮೇಲೆ ಹೊಸದೇನೂ ಇಲ್ಲ. ಸಮುದ್ರದ ದಂಡೆ ಹೋಗಿ ಬೆಟ್ಟ ಬರುತ್ತದೆ, ಬೆಟ್ಟ ಹೋಗಿ ಅರಮನೆ ಬರುತ್ತದೆ, ಹುಡುಗಿ ಅವಳೇ, ಡಬ್ಬಿ ಅದೇ. ಹಿನ್ನೆಲೆಯ ಸಂಗೀತ ಕಿವಿಯ ಹತ್ತಿರ ಸೊಳ್ಳೆ ಸುತ್ತಿದ ಹಾಗೆ. ಬಣ್ಣ ಚೆನ್ನಾಗಿದೆ, ಅದನ್ನು ಇಲ್ಲ ಅನ್ನುವುದಿಲ್ಲ. ಮಿಠಾಯಿ ಅಂಗಡಿಯ ಬಣ್ಣವೂ ಚೆನ್ನಾಗಿರುತ್ತದೆ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೂರರಿಂದ ಐದರ ತನಕ ನಾನು ಹಿತ್ತಿಲ ಕಟ್ಟೆಯ ಮೇಲೆ ಕೂತು ಆಡುತ್ತಿದ್ದೆ. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಪಕ್ಕದಲ್ಲಿ ಕೂರುತ್ತಿದ್ದರು. ಅವರಿಗೆ ಆ ಪರದೆಯಲ್ಲಿ ಎಲ್ಲವೂ ವಿಚಿತ್ರ. ಇವರು ಕೈ ಯಾವಾಗ ತೊಳೆದುಕೊಂಡರು ಎಂದು ಕೇಳಿದರು. ತೊಳೆದುಕೊಳ್ಳುವುದಿಲ್ಲ ಅಂದೆ. ತಾಟು ಇಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಊಟ ಖಾಲಿಯಾದದ್ದು ಹೇಗೆ, ಅಗಿದರೋ ಇಲ್ಲವೋ ಎಂದು ಕೇಳಿದರು. ಎರಡನೆಯ ಸಲ ಯಾಕೆ ಬಡಿಸಲಿಲ್ಲ ಎಂದು ಕೇಳಿದರು. ಎರಡನೆಯ ಸಲ ಎಂಬುದು ಈ ಆಟದಲ್ಲಿಲ್ಲ ಅಂದಾಗ ಅವರು ಎಣ್ಣೆ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ಒಂದು ದಿನ ತಾವೇ ಆಡುತ್ತೇನೆ ಅಂದರು. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಬೆರಳನ್ನು ಸೀರೆಗೆ ಒರೆಸಿಕೊಂಡು, ಇಬ್ಬರು ಗಿರಾಕಿಗಳನ್ನು ಕೂರಿಸಿ ತಾಟು ಕೊಟ್ಟರು. ಅಲ್ಲಿಗೆ ನಿಲ್ಲಿಸಿಬಿಟ್ಟರು. ಬಾಗಿಲಲ್ಲಿ ಆರು ಜನ ಸೇರಿದರು, ಹೃದಯಗಳು ಪಟಪಟ ಆರತೊಡಗಿದವು, ಅತ್ತೆ ಅಲ್ಲಾಡಲಿಲ್ಲ. ದುಡ್ಡು ತೆಗೆದುಕೊಳ್ಳಿರಿ, ಮೇಜು ಬಳಿಯಿರಿ ಎಂದು ನಾನು ಅವಸರ ಮಾಡಿದೆ. ಕೂತವರು ಇನ್ನೂ ಮಜ್ಜಿಗೆ ಕೇಳಿಲ್ಲವಲ್ಲ ಅಂದರು. ಕಡೆಗೆ ಆರೂ ಜನ ಮುಖ ಕೆಂಪಗೆ ಮಾಡಿಕೊಂಡು ಹೋದರು, ಹುಡುಗಿ ಅಳುತ್ತಾ ಕೂತಳು, ನಿಮ್ಮ ಹೋಟೆಲ್ ಮುಚ್ಚಿತು ಎಂದು ಬಂತು. ನಾನು ಬಿದ್ದು ಬಿದ್ದು ನಕ್ಕೆ. ಹದಿನೆಂಟು ವರ್ಷ ಊರಿಗೆ ಊಟ ಹಾಕಿದ ಹೆಂಗಸು ಮೊದಲ ಹಂತದಲ್ಲೇ ಸೋತಳಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಕೈ ನಿಜವಾಗಿಯೂ ಓಡತೊಡಗಿತ್ತು. ಪಡಸಾಲೆಗೆ ಕಾಲಿಟ್ಟವರ ತಲೆಯ ಮೇಲೆ ನನಗೆ ಹೃದಯಗಳು ಕಾಣುತ್ತಿದ್ದವು. ಮೂಗಿನಲ್ಲಿ ಮಾತಾಡುವವರು, ಕೆಮ್ಮುವವರು ಎಂಬುದೆಲ್ಲ ಮರೆತು ಒಂದನೆಯ ಮೇಜು, ಎರಡನೆಯ ಮೇಜು ಆದರು. ಇನ್ನೊಂದು ಹಾಕ್ಲೇನ್ರಿ ಎಂದು ಕೇಳುವುದನ್ನು ಬಿಟ್ಟೆ. ಕೇಳಿದರೆ ಹೂಂ ಅಂದುಬಿಡುತ್ತಾರೆ. ಮೂರನೆಯ ರೊಟ್ಟಿ ಮುಗಿಯುತ್ತಿದ್ದ ಹಾಗೆ ಮಜ್ಜಿಗೆಯ ವಾಟಗಾ ತಂದಿಟ್ಟುಬಿಡುತ್ತಿದ್ದೆ. ಗುಮಾಸ್ತರು ಜಾಣರು, ವಾಟಗಾ ನೋಡಿ ಒಬ್ಬರಿಗೊಬ್ಬರು ಮುಖ ನೋಡಿಕೊಂಡು ಕುಡಿದು ಏಳುತ್ತಿದ್ದರು. ಮೊದಲು ಮಧ್ಯಾಹ್ನಕ್ಕೆ ಒಂದು ಮೇಜಿಗೆ ಮೂರು ಪಂಕ್ತಿ ಏಳುತ್ತಿದ್ದದ್ದು ಐದಾಯಿತು. ಯಜಮಾನರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆ ಮಾತ್ರ ಕಿಂಡಿಯ ಆ ಕಡೆಯಿಂದ ಒಮ್ಮೆ, ಮಜ್ಜಿಗೆ ಯಾಕೋ ಜಲ್ದಿ ಹೊರಟಿದೆಯಲ್ಲ ಅಂದರು. ಬಿಸಿಲಲ್ಲವೇ, ಕೇಳುತ್ತಾರೆ ಅಂದೆ. ಸುಳ್ಳು ಹೇಳಿದೆ. ಯುಗಾದಿಗೆ ಇನ್ನು ಇಪ್ಪತ್ತು ದಿನವಿತ್ತು, ಖಾನಾವಳಿ ನನ್ನದಾಯಿತು ಎಂದೇ ನಾನು ಲೆಕ್ಕ ಹಾಕಿಬಿಟ್ಟಿದ್ದೆ.

ನಮ್ಮಲ್ಲಿಗೆ ಪ್ರತಿ ಮಂಗಳವಾರ ಹಿರೇಹಂದಿಗೋಳದಿಂದ ಒಬ್ಬರು ಅಜ್ಜ ಬರುತ್ತಿದ್ದರು. ಗಾದಿ ಹೊಲಿಯುವ ಸಾಹೇಬರು. ಗದಗ, ಬೆಟಗೇರಿಯ ಮನೆಗಳಲ್ಲಿ ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದರು. ನಮ್ಮ ಮನೆಯ ಗಾದಿಗಳೂ ಅವರ ಕೈಯವೇ, ನನ್ನ ಮದುವೆಯ ಗಾದಿಯೂ. ಅತ್ತೆ ನಾಲ್ಕು ಮೇಜು ಹಾಕಿದ ವರ್ಷದಿಂದ ಅವರು ಮೂಲೆಯ ಮೇಜಿನಲ್ಲೇ ಉಣ್ಣುತ್ತಿದ್ದದ್ದು. ಹಲ್ಲು ಬಹಳ ಇರಲಿಲ್ಲ. ಅದಕ್ಕೆ ಅತ್ತೆ ಅವರಿಗೆಂದೇ ಮೆತ್ತಗಿನ ಬಿಸಿ ರೊಟ್ಟಿ ಬೇರೆ ಮಾಡಿಸುತ್ತಿದ್ದರು. ಮೊದಲನೆಯದನ್ನು ಅವರು ಸಣ್ಣಗೆ ಮುರಿದು ಬೇಳೆ ಸಾರಿನಲ್ಲಿ ಹಾಕಿ, ಅದು ನೆನೆಯುವ ತನಕ ತಾಟಿನಿಂದ ಕೈ ದೂರವಿಟ್ಟುಕೊಂಡು ರಸ್ತೆಯ ಕಡೆ ನೋಡುತ್ತಾ ಕೂರುತ್ತಿದ್ದರು. ನೆನೆದ ಮೇಲೆ ನಿಧಾನಕ್ಕೆ ಉಂಡು ಎರಡನೆಯದನ್ನು ಕೇಳುತ್ತಿದ್ದರು. ಎರಡೇ ರೊಟ್ಟಿ, ಮುಕ್ಕಾಲು ತಾಸು.

ಆ ಮಂಗಳವಾರ ಮಾರ್ಚ್ ತಿಂಗಳದು. ಕಚೇರಿಗಳಲ್ಲಿ ವರ್ಷದ ಕೊನೆಯ ಗಡಿಬಿಡಿ, ತಪಾಸಣೆಗೆಂದು ಬೇರೆ ಊರುಗಳಿಂದ ಬಂದವರೂ ಸೇರಿ ಬಾಗಿಲಲ್ಲಿ ಏಳೆಂಟು ಜನ ನಿಂತಿದ್ದರು. ನಾನು ಎರಡನೆಯ ಮೇಜಿನ ತಾಟು ಎತ್ತಿ ಬಳಿದೆ. ಮೂರನೆಯದನ್ನು ಎತ್ತಿ ಬಳಿದೆ. ಸಾಲಾಗಿ ಎರಡಾಯಿತು. ಮೂಲೆಯ ಮೇಜಿನ ಕಡೆ ನೋಡಿದೆ. ಅಜ್ಜನ ಕೈ ತಾಟಿನ ಮೇಲಿಲ್ಲ, ಮುಖ ರಸ್ತೆಯ ಕಡೆಗಿತ್ತು. ನನ್ನ ಕೈ ತಾನೇ ಹೋಯಿತು.

ತಾಟು ಎತ್ತಿ, ಬಲಗೈಯಲ್ಲಿದ್ದ ಮುಸುರೆ ಬಕೆಟ್ಟಿಗೆ ಬಗ್ಗಿಸಿದೆ. ನೆನೆದ ರೊಟ್ಟಿ ಸಾರಿನ ಸಮೇತ ಲೊಚಕ್ಕೆಂದು ಬಿತ್ತು. ಅದೇ ಏಟಿಗೆ ಒದ್ದೆ ಅರಿವೆಯನ್ನು ಮೇಜಿನ ಮೇಲೆ ಎಳೆದೆ. ಆ ಅರಿವೆಗೆ ಹತ್ತು ಜನರ ಎಂಜಲಿನ ನಾತವಿತ್ತು. ಅದು ಅವರ ಮೊಣಕೈಗೆ ತಾಗಿತು. ಅವರು ತಿರುಗಿ ನೋಡಿದಾಗ ಮುಂದೆ ತಾಟಿರಲಿಲ್ಲ. ಬಲಗೈಯ ಬೆರಳುಗಳಿಗೆ ಸಾರು ಹಾಗೇ ಅಂಟಿತ್ತು, ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡಿದ್ದರು. ನಾನು ಎದುರಿಗೇ ನಿಂತಿದ್ದೆ. ಹಿಂದೆ ಒಬ್ಬ ತಪಾಸಣೆಯವನು ಆಗಲೇ ತನ್ನ ಚೀಲವನ್ನು ಬೆಂಚಿನ ಮೇಲೆ ಇಟ್ಟಾಗಿತ್ತು.

"ಆತು ಮಗಳ, ಆತು" ಎಂದರು ಅಜ್ಜ.

ಎದ್ದು ಕೈ ತೊಳೆದುಕೊಂಡರು. ಪೂರಾ ಊಟದ ದುಡ್ಡನ್ನು ಗಲ್ಲೆಯ ಮೇಲಿಟ್ಟು, ಬಾಗಿಲಲ್ಲಿ ನಿಂತವರ ನಡುವೆ ದಾರಿ ಬಿಡಿಸಿಕೊಂಡು ಇಳಿದು ಹೋದರು. ಇನ್ನು ಮುಂದಿನದನ್ನು ಬರೆಯದೆ ಬಿಡಬಹುದಿತ್ತು, ಬಿಡುವುದಿಲ್ಲ. ಅವರು ಎದ್ದ ಗಳಿಗೆಗೆ ನನ್ನ ತಲೆಯೊಳಗೆ 'ಟಿಂಗ್' ಎಂದಿತು. ಸಾಲಾಗಿ ಮೂರು. ನನಗೆ ಖುಷಿಯಾಯಿತು. ಹಸಿದ ಮುದುಕನೊಬ್ಬ ನನ್ನ ಮನೆಯಿಂದ ಎದ್ದು ಹೋಗುತ್ತಿದ್ದ, ನನಗೆ ಖುಷಿಯಾಯಿತು. ಆ ಖುಷಿಯ ಹೇಸಿಗೆ ಎಷ್ಟು ತಿಕ್ಕಿದರೂ ನನ್ನಿಂದ ಹೋಗಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಎರಡು ತಿಂಗಳಿಂದ ಪಡಸಾಲೆಗೆ ಬಾರದವರು ಗೋಡೆ ಹಿಡಿದುಕೊಂಡು, ಅಂಗೈ ಮೇಲೆ ಅರಿವೆ ಹಾಕಿ, ಅದರ ಮೇಲೆ ಬೆಣ್ಣೆ ಸವರಿದ ಮೆತ್ತಗಿನ ರೊಟ್ಟಿ ಇಟ್ಟುಕೊಂಡು ಬಂದರು. ಕಿಂಡಿಯಲ್ಲಿಟ್ಟರೆ ಆರುತ್ತದೆ ಎಂದು ತಾವೇ ತಂದಿದ್ದರು. ಮೂಲೆಯ ಮೇಜಿನಲ್ಲಿ ಬೇರೆ ಮನುಷ್ಯ ಕೂತಿದ್ದ. ಅಜ್ಜಾರು ಎಲ್ಲಿ ಎಂದು ಕೇಳಿದರು. ಉಂಡು ಹೋದರು ಅಂದೆ.

"ಒಂದ ರೊಟ್ಟಿ ಹೋಗೈತಿ. ಎರಡನೇದು ನನ್ನ ಕೈಯಾಗ ಐತಿ" ಎಂದರು ಅತ್ತೆ.

ಆಮೇಲೆ ಅವರು ಬಕೆಟ್ಟಿನೊಳಗೆ ನೋಡಿದರು. ಸಾರಿನಲ್ಲಿ ನೆನೆದ ಚೂರುಗಳು ಮೇಲೆಯೇ ಇದ್ದವು. ಬಾಗಿಲ ತನಕ ಹೋಗಿ ರಸ್ತೆಯ ಎರಡೂ ಕಡೆ ನೋಡಿ, ಅದೇ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಆ ರೊಟ್ಟಿಯನ್ನು ಯಾರಿಗೂ ಬಡಿಸಲಿಲ್ಲ. ಸಂಜೆ ನೋಡಿದಾಗ ಬುಟ್ಟಿಯಲ್ಲಿ ಬೆಣ್ಣೆ ಹೆಪ್ಪುಗಟ್ಟಿ ಹಾಗೇ ಇತ್ತು.

ಅವತ್ತೇ ಆಟವನ್ನು ಫೋನಿನಿಂದ ತೆಗೆದೆ. ತೆಗೆಯುವಾಗ ಅದು, ನೀವು ಗಳಿಸಿದ ನಾಣ್ಯಗಳೆಲ್ಲ ಹೋಗುತ್ತವೆ, ಖಂಡಿತವಾಗಿಯೂ ತೆಗೆಯಬೇಕೇ ಎಂದು ಕೇಳಿತು. ಥೂ ಎಂದು ಒತ್ತಿದೆ. ತೆಗೆದದ್ದರಿಂದ ಏನೂ ಆಗಲಿಲ್ಲ. ಮುಂದಿನ ಮಂಗಳವಾರ ಅಜ್ಜ ಬರಲಿಲ್ಲ. ಅತ್ತೆ ಒಂದೂವರೆಗೆ ಮೆತ್ತಗಿನ ರೊಟ್ಟಿ ಬೇಯಿಸಿ ಬದಿಗಿಟ್ಟರು. ಅದರ ಮುಂದಿನ ಮಂಗಳವಾರವೂ ಬರಲಿಲ್ಲ, ಅವತ್ತೂ ಬೇಯಿಸಿ ಬದಿಗಿಟ್ಟರು. ನನಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಎದುರು ಮಾತಾಡಿ ಹಗುರವಾಗುತ್ತಿದ್ದೆನೇನೋ.

ಭಾನುವಾರ ಖಾನಾವಳಿಗೆ ರಜೆ. ಆ ಭಾನುವಾರ ನಾನು ಬಸ್ಸು ಹತ್ತಿ ಹಿರೇಹಂದಿಗೋಳಕ್ಕೆ ಹೋದೆ. ಅಜ್ಜ ಮನೆಯ ಮುಂದೆ ಬೇವಿನ ನೆರಳಿನಲ್ಲಿ ಕೌದಿ ಹರವಿಕೊಂಡು ಹೊಲಿಯುತ್ತಿದ್ದರು. ನನ್ನನ್ನು ನೋಡಿ, ಬಾ ಮಗಳ ಎಂದು ಸೊಸೆಯನ್ನು ಕೂಗಿ ನೀರು ತರಿಸಿದರು. ನನ್ನಿಂದ ತಪ್ಪಾಯಿತು ಅಂದೆ. ಅವರು ಸೂಜಿಗೆ ದಾರ ಪೋಣಿಸುತ್ತಾ, ನಿನ್ನದೇನು ತಪ್ಪು, ನನ್ನ ಹಲ್ಲಿನ ತಪ್ಪು ಅಂದರು. ಪೇಟೆಯಲ್ಲಿ ಎಲ್ಲರಿಗೂ ಕೆಲಸವಿರುತ್ತದೆ, ಮುದುಕರು ಜಾಗ ಹಿಡಿದು ಕೂತರೆ ಹೇಗೆ, ಅದಕ್ಕೇ ಈಗ ಮನೆಯಲ್ಲೇ ಉಂಡು ಹೊರಡುತ್ತೇನೆ ಅಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಉಣ್ಣದೆ ಹೋಗಬೇಡ ಎಂದು ಕೂರಿಸಿದರು. ಸೊಸೆ ತಾಟಿನಲ್ಲಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಉಳ್ಳಾಗಡ್ಡಿ ಇಟ್ಟು ಪಕ್ಕದಲ್ಲೇ ಕೂತಳು. ನನಗೆ ಒಮ್ಮೆ ಮುಗಿಸಿ ಎದ್ದರೆ ಸಾಕಾಗಿತ್ತು. ದೊಡ್ಡ ದೊಡ್ಡ ತುತ್ತು ಮಾಡಿ ನುಂಗತೊಡಗಿದೆ. ಗಂಟಲಲ್ಲಿ ಸಿಕ್ಕಿಕೊಂಡಿತು. ಅಜ್ಜ ಹೊಲಿಗೆಯಿಂದ ತಲೆ ಎತ್ತದೆ ನೀರಿನ ಚರಿಗೆಯನ್ನು ನನ್ನ ಕಡೆಗೆ ಸರಿಸಿದರು.

"ನಿಧಾನ ಉಣ್ಣು ಮಗಳ. ಇಲ್ಲಿ ಯಾರೂ ನಿಂತಿಲ್ಲ."

ಆ ಊಟವನ್ನು ಹೇಗೆ ಮುಗಿಸಿದೆ ಎಂದು ನನಗೆ ನೆನಪಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಊರು ಬರುವ ತನಕ ಅಳುತ್ತಲೇ ಬಂದೆ. ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿದೆ. ಆಟದಿಂದ ಕಲಿತದ್ದು, ಮಜ್ಜಿಗೆ ಮುಂಚೆ ಇಟ್ಟದ್ದು, ಬಿಸಿಲಿನ ಸುಳ್ಳು, ಉಂಡು ಹೋದರು ಎಂಬ ಸುಳ್ಳು. ತಲೆಯೊಳಗೆ ಆದ ಸದ್ದನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಆಟಕ್ಕೆ ಎಷ್ಟು ಕೊಟ್ಟೆ ಎಂದು ಮಾತ್ರ ಕೇಳಿದರು. ಹೇಳಿದೆ. ನೀನು ಕೊಟ್ಟದ್ದು ಅಷ್ಟೇ ಅಲ್ಲ ಬಿಡು ಅಂದರು.

ಯುಗಾದಿಯ ದಿನ ಬೇವು ಬೆಲ್ಲ ಕೊಟ್ಟ ಮೇಲೆ ಅತ್ತೆ ಕೈ ಚಾಚಿ ಸೌಟು ಕೇಳಿದರು. ಕೊಟ್ಟೆ. ಝರಾಕ್ಸ್ ಅಂಗಡಿಯವನಿಗೆ ಬಾಡಿಗೆ ಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಯಜಮಾನರು ನನ್ನ ಪರ ಏನೋ ಹೇಳಲು ಹೊರಟವರು ನನ್ನ ಮುಖ ನೋಡಿ ಇನ್ನಷ್ಟು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡರು. ಮರುದಿನದಿಂದ ಅತ್ತೆ ಎತ್ತರದ ಸ್ಟೂಲನ್ನು ಪಡಸಾಲೆಯ ನಡುವೆ ಹಾಕಿಕೊಂಡು, ಪಲ್ಯ ಸಾರಿನ ಪಾತ್ರೆಗಳನ್ನು ಕೈಗೆಟುಕುವ ಹಾಗೆ ಜೋಡಿಸಿಕೊಂಡು, ಕೂತಲ್ಲಿಂದಲೇ ಬಡಿಸತೊಡಗಿದರು. ದೂರದ ಮೇಜಿನವರು ತಾವೇ ತಾಟು ಹಿಡಿದುಕೊಂಡು ಬರುತ್ತಿದ್ದರು. ನಾನು ಮತ್ತೆ ಗೋಡೆಯ ಈ ಕಡೆ. ಸೌಟು ಮತ್ತೆ ನನ್ನ ಕೈಗೆ ಬರಲು ಎರಡು ಮಳೆಗಾಲ ಹಿಡಿಯಿತು.

ಅತ್ತೆಯೇ ಬಡಿಸುತ್ತಿದ್ದಾರೆ ಎಂಬ ಖಬರು ಹಿರೇಹಂದಿಗೋಳಕ್ಕೂ ಮುಟ್ಟಿರಬೇಕು. ಯುಗಾದಿ ಕಳೆದು ಎರಡನೆಯ ಮಂಗಳವಾರ, ಮೂಲೆಯ ಬೆಂಚು ಕಿರ್ರೆಂದದ್ದು ಕಿಂಡಿಯಿಂದ ಕೇಳಿಸಿತು. ನಾನು ಮೆತ್ತಗಿನ ಹಿಟ್ಟು ಬೇರೆ ನಾದಿ, ಮೊದಲ ರೊಟ್ಟಿ ಬೇಯಿಸಿ ಕಿಂಡಿಯಲ್ಲಿಟ್ಟೆ. ಅತ್ತೆಯ ಕೈ ಬಂದು ಒಯ್ದಿತು. ಮುರಿಯುವ ಸದ್ದಿಲ್ಲ, ಅದು ಮೆತ್ತಗಿನದು. ಸ್ವಲ್ಪ ಹೊತ್ತಿಗೆ ಅಜ್ಜನ ದನಿ ಕೇಳಿಸಿತು.

"ಎಲ್ಲಿ, ಮಗಳು ಕಾಣವಲ್ಲಳಲ್ಲ?"

"ಒಳಗ ಅದಾಳ್ರಿ. ಬಡಸೂದು ಕಲಿಯಾಕತ್ತಾಳ" ಎಂದರು ಅತ್ತೆ.

ಎರಡನೆಯ ರೊಟ್ಟಿಗೆ ಹಿಟ್ಟಿನ ಉಂಡೆ ನನ್ನ ಕೈಯಲ್ಲೇ ಇತ್ತು. ಹಂಚು ಕಾದಿತ್ತು. ಈಗ ಬಡಿದರೆ ಅವರು ಕೇಳುವಷ್ಟರಲ್ಲಿ ಆರಿಬಿಡುತ್ತದೆ, ಬೇಗ ಇಟ್ಟರೆ ಅವಸರ ಮಾಡಿದ ಹಾಗಾಗುತ್ತದೆ. ಒಲೆ ಸಣ್ಣಗೆ ಮಾಡಿ, ಗೋಡೆಗೆ ಕಿವಿಯಿಟ್ಟು, ಅವರು ಕೇಳುವ ತನಕ ನಿಂತೆ.